ಸರ್ಪಸುತ್ತು, ಕುಬಸ ಮತ್ತು ನಮ್ಮ ಮನೆಯ ಗುಂಪು

ದಾವಣಗೆರೆಯ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಇವತ್ತು ಬೆಳಿಗ್ಗೆ ದೊಡ್ಡಪ್ಪ ಒಂದು ಫಾರ್ವರ್ಡ್ ಹಾಕಿದರು. ‘ಸರ್ಪಸುತ್ತು ಆದವರ ಹತ್ತಿರ ಮೂರು ತಿಂಗಳು ಸುಳಿಯಬೇಡಿ. ಗುಳ್ಳೆ ಮೈ ಸುತ್ತಿ ಹೆಡೆ, ಬಾಲ ಕೂಡಿದರೆ ಜೀವಕ್ಕೇ ಕುತ್ತು.’

ಯಾರನ್ನು ನೆನೆದು ಹಾಕಿದ್ದು ಅಂತ ಎಲ್ಲರಿಗೂ ಗೊತ್ತು. ವಿದ್ಯಾನಗರದ ಅತ್ತೆಗೆ ಸರ್ಪಸುತ್ತು ಆಗಿದೆ. ಚಿಕ್ಕಪ್ಪನ ಮಗಳು ಕಾವ್ಯಾಗೆ ಏಳನೇ ತಿಂಗಳು, ಮುಂದಿನ ವಾರ ಕುಬಸ.

ಬೆಂಗಳೂರಿನ ಮಂಜಣ್ಣ ತಕ್ಷಣ ಶುರು ಮಾಡಿದ: ‘ದೊಡ್ಡಪ್ಪ, ಇದಕ್ಕೆ ಆಧಾರ ಏನು? ಯಾವ ಡಾಕ್ಟರ್ ಹೇಳಿದ್ದು? ಸರ್ಪಸುತ್ತು ಅಂಟೋದೇ ಇಲ್ಲ.’

ದೊಡ್ಡಪ್ಪ: ‘ಹಿರಿಯರ ಮಾತಿಗೂ ಆಧಾರ ಕೇಳೋ ಕಾಲ ಬಂತಲ್ಲಪ್ಪ. ನಾಗಪ್ಪನ ಕಲ್ಲಿಗೆ ಹಾಲೆರೆದು ಕೆಮ್ಮಣ್ಣು ಹಚ್ಚಲಿ, ಇಳಿಯುತ್ತೆ.’

ಅತ್ತೆಯ ಸೊಸೆ ಗೀತತ್ತಿಗೆ: ‘ಮಾವ, ನಿಮ್ಮ ಗೃಹಪ್ರವೇಶಕ್ಕೂ ನಮ್ಮತ್ತೆಯನ್ನು ಫೋನಲ್ಲೇ ಕರೆದಿರಿ. ಈಗ ಕುಬಸಕ್ಕೆ ಬರಬೇಡ ಅನ್ನೋಕೆ ಇದೊಂದು ನೆಪ ಆಯ್ತು.’

ಆಮೇಲೆ ಕಾಯಿಲೆ ಎಲ್ಲೋ ಹೋಯಿತು. ಯಾರ ಮನೆಗೆ ಯಾರು ಅರಿಶಿನ ಕುಂಕುಮ ಕೊಟ್ಟು ಕರೆದಿದ್ದರು ಅನ್ನೋದೇ ಮಾತಾಯಿತು. ಅತ್ತೆಯೂ ಇದೇ ಗುಂಪಿನಲ್ಲಿದ್ದಾರೆ, ಎಲ್ಲ ಓದುತ್ತಿದ್ದಾರೆ. ನೋವು ಹೇಗಿದೆ ಅಂತ ಒಬ್ಬರೂ ಕೇಳಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ. ಉದ್ದವಾಗಿಯೇ ಬರೆದೆ.

‘ನಿನ್ನೆ ಅತ್ತೆ ಮನೆಗೆ ಹೋಗಿದ್ದೆ. ಬಲ ಪಕ್ಕೆಯಲ್ಲಿ ಬೆನ್ನಿನಿಂದ ಮುಂದಕ್ಕೆ ಪಟ್ಟಿಯಾಗಿ ಎದ್ದಿದೆ. ಮುಂದಿನ ಗುಳ್ಳೆಗಳು ಒಣಗಿ ಕಪ್ಪು ಹಕ್ಕಳೆ ಕಟ್ಟಿವೆ. ಬೆನ್ನಿನ ಹತ್ತಿರದ ಎರಡರಲ್ಲಿ ಇನ್ನೂ ನೀರಿದೆ. ರವಿಕೆ ತಾಗಿದರೂ ಉರಿ, ರಾತ್ರಿ ನಿದ್ದೆ ಇಲ್ಲ. ಗುಳ್ಳೆ ಎದ್ದ ಮರುದಿನವೇ ಅಸೈಕ್ಲೋವಿರ್ ಮಾತ್ರೆ ಶುರುವಾಗಿದ್ದು ಒಳ್ಳೇದಾಯ್ತು, 72 ಗಂಟೆಯೊಳಗೆ ತಗೊಂಡರೆ ಅದರ ಗುಣ ಜಾಸ್ತಿ. ಇದು ಒಂದು ನರದ ದಾರಿ ಹಿಡಿದು, ಸಾಮಾನ್ಯವಾಗಿ ಮೈಯ ಒಂದೇ ಬದಿಗೆ ಏಳುತ್ತೆ. ಹೆಡೆ, ಬಾಲ ಕೂಡಿ ಜೀವ ಹೋಗುತ್ತೆ ಅನ್ನೋದು ಸುಳ್ಳು. ದೊಡ್ಡಪ್ಪ, ಹಾಲು ಎರೆಯೋಣ. ಆದರೆ ಹಸಿ ಗುಳ್ಳೆಗೆ ಮಣ್ಣು ಹಚ್ಚೋದು ಬೇಡ, ಕೀವಾಗುತ್ತೆ.

‘ಮಂಜಣ್ಣ, ಅಂಟೋದೇ ಇಲ್ಲ ಅನ್ನೋದೂ ಸರಿಯಲ್ಲ. ಚಿಕನ್‌ಪಾಕ್ಸ್ (ಅಮ್ಮ) ಆಗದವರಿಗೆ, ಲಸಿಕೆಯೂ ಹಾಕಿಸಿಕೊಳ್ಳದವರಿಗೆ ಆ ಗುಳ್ಳೆಯ ನೀರು ತಾಗಿದರೆ ಚಿಕನ್‌ಪಾಕ್ಸ್ ಬರಬಹುದು. ಅದೂ ಕೊನೆಯ ಗುಳ್ಳೆ ಹಕ್ಕಳೆ ಕಟ್ಟೋವರೆಗೆ. ಸಾಮಾನ್ಯವಾಗಿ 7ರಿಂದ 10 ದಿನ. ಪೂರ್ತಿ ಮಾಯೋಕೆ 2ರಿಂದ 4 ವಾರ. ನೋವು ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತೆ. ನೋವಿದೆ ಅಂದ ಮಾತ್ರಕ್ಕೆ ಅಂಟುತ್ತೆ ಅಂತಲ್ಲ.’

ಮಂಜಣ್ಣ: ‘ಸರ್ಪಸುತ್ತು ಸರ್ಪಸುತ್ತಾಗಿ ಅಂಟಲ್ಲ ಅಂತ ನಾನು ಹೇಳಿದ್ದು.’

ದೊಡ್ಡಪ್ಪ: ‘ಅಂದರೆ ಅಂಟುತ್ತೆ ಅಂತಾಯ್ತು.’

ಅಷ್ಟರಲ್ಲಿ ಹುಬ್ಬಳ್ಳಿಯ ಅಕ್ಕ ಬಂದಳು. ‘ನಮಗೆಲ್ಲ ಸಾಲಾಗಿ ಅಮ್ಮ ಎದ್ದ ಬೇಸಿಗೆ ನೆನಪಿದೆಯಾ? ಅಜ್ಜಿ ಬೇವಿನ ಸೊಪ್ಪು ಹಾಸಿ ನಡುಮನೆಯಲ್ಲಿ ಮಲಗಿಸಿದ್ದರು. ಇಳಿದ ಮೇಲೆ ದುರ್ಗಾಂಬಿಕೆ ಗುಡಿಗೆ ಕರ್ಕೊಂಡು ಹೋಗಿ, ಬರುವಾಗ ಬೆಣ್ಣೆ ದೋಸೆ ಕೊಡಿಸಿದ್ದರು.’ ಆ ದೋಸೆ ಯಾವ ಹೋಟೆಲಿನದು ಅಂತ ಶುರುವಾಗಿದ್ದು ಸುಮಾರು ಹೊತ್ತು ನಡೆಯಿತು.

ಆದರೆ ಇಡೀ ಗುಂಪಿನಲ್ಲಿ ಉಪಯೋಗಕ್ಕೆ ಬಂದ ಮಾತು ಅಕ್ಕನದೇ. ಅಮ್ಮ ಎದ್ದಾಗಿನ ಆ ವೈರಸ್ ಮೈ ಬಿಟ್ಟು ಹೋಗೋದಿಲ್ಲ. ನರದ ಬುಡದಲ್ಲಿ ಅಡಗಿ ಕೂತಿರುತ್ತೆ. ವಯಸ್ಸಾಗಿ ಶಕ್ತಿ ಕುಂದಿದಾಗ ಸರ್ಪಸುತ್ತಾಗಿ ಏಳುತ್ತೆ. ಒಮ್ಮೆ ಅಮ್ಮ ಎದ್ದವರಿಗೆ ಅತ್ತೆಯಿಂದ ಸಾಮಾನ್ಯವಾಗಿ ಹೆದರಿಕೆ ಇಲ್ಲ. ಹಾಗಾದರೆ ಕಾವ್ಯಾ?

ಕೇಳಿದೆ. ಚಿಕ್ಕಮ್ಮ: ‘ಆ ಬೇಸಿಗೆ ಅವಳು ಹರಿಹರದಲ್ಲಿ ಅಜ್ಜಿ ಮನೇಲಿದ್ದಳು. ಅವಳಿಗೆ ಎದ್ದಿರಲಿಲ್ಲ. ಆಮೇಲೂ ಎದ್ದ ನೆನಪಿಲ್ಲ.’

ದೋಸೆ ಮಾತು ನಿಂತಿತು. ಗರ್ಭಿಣಿಗೆ ಚಿಕನ್‌ಪಾಕ್ಸ್ ಬಂದರೆ ತಾಯಿಗೂ ಮಗುವಿಗೂ ಕಷ್ಟ. ಅವಳ ಮೈಯಲ್ಲಿ ಅದನ್ನು ತಡೆಯೋ ಶಕ್ತಿ ಇದೆಯಾ ಅಂತ ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತೆ, ಡಾಕ್ಟರನ್ನು ಕೇಳಿ ಮಾಡಿಸಿ ಅಂದೆ.

ಆಗ ಅತ್ತೆ ಬರೆದರು: ‘ನಾನು ಮೈ ಮುಚ್ಚಿಕೊಂಡೇ ಇದ್ದೀನಿ, ಟವೆಲ್ಲೂ ಬೇರೆ ಇಟ್ಟಿದ್ದೀನಿ. ಬೆನ್ನಿಂದು ಒಣಗದೆ ಇದ್ದರೆ ನಾನೇ ಬರಲ್ಲ. ಡಾಕ್ಟರ್ ನೋಡಿ ಒಣಗಿದೆ ಅಂದರೆ ಬರ್ತೀನಿ, ಯಾರು ಬೇಡ ಅಂದರೂ. ಕಾವ್ಯಾಗೆ ಸೀರೆ ತಂದಿಟ್ಟಾಗಿದೆ.’

ಚಿಕ್ಕಮ್ಮ ನಾಳೆಯೇ ಕಾವ್ಯಾಳನ್ನು ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ ಅಂದರು.