1972ರ ಸಿ10: ಹಿಂದಿನ ಆಕ್ಸಲ್‌ಗೆ 3.08 ಹಾಕಿಸಲೇ, 3.73 ಇರಲೇ?

ಹಳೇಗಾಡಿ:
ಎಲ್ಲರಿಗೂ ನಮಸ್ಕಾರ. ನನ್ನದು 1972ರ ಶೆವ್ರೊಲೆ ಸಿ10 ಪಿಕಪ್ ಟ್ರಕ್. 350 ಘನ ಇಂಚಿನ ಎಂಜಿನ್, ಟಿಎಚ್350 ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಹಿಂದೆ 12 ಬೋಲ್ಟಿನ ಆಕ್ಸಲ್, ಟೈರು 235/75 ಆರ್15. ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿಸಲು ಬಂಗಾರದಂಥ ಗಾಡಿ. ಹೆದ್ದಾರಿ ಹತ್ತಿದರೆ ಮಾತ್ರ ತಲೆನೋವು. ಗಂಟೆಗೆ 65 ಮೈಲಿಗೇ ಟ್ಯಾಕೋಮೀಟರ್ ನಿಮಿಷಕ್ಕೆ 3,300 ಸುತ್ತಿನ ಆಸುಪಾಸು ನಿಂತಿರುತ್ತದೆ, ಪಕ್ಕದಲ್ಲಿ ಕೂತವರ ಜೊತೆ ಕೂಗಿ ಮಾತಾಡಬೇಕು. ಮಾರಿದವರು ಆಕ್ಸಲ್ ರೇಷಿಯೋ (ಚಕ್ರದ ಒಂದು ಸುತ್ತಿಗೆ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಶಾಫ್ಟ್ ಎಷ್ಟು ಸುತ್ತುತ್ತದೆ ಅನ್ನುವುದು) 3.73 ಅಂದಿದ್ದರು. 3.08 ಹಾಕಿಸು, ಆರಾಮ ಅಂತ ಒಬ್ಬರು; ಹಾಕಿಸಿದರೆ ಎಳೆತವೇ ಸತ್ತುಹೋಗುತ್ತದೆ ಅಂತ ಇನ್ನೊಬ್ಬರು. ರೇಸು ಗೀಸು ಏನಿಲ್ಲ, ಟ್ರೈಲರ್ ಕಟ್ಟುವುದಿಲ್ಲ, ಅಪರೂಪಕ್ಕೆ ಹಿಂದೆ ಒಂದಿಷ್ಟು ಸಾಮಾನು. ಯಾರ ಮಾತು ಕೇಳಲಿ?

ಗ್ರೀಸ್ ಕೈ:
ಯಾರ ಮಾತೂ ಬೇಡ, ಮೊದಲು ಲೆಕ್ಕ ಹಾಕಿ. ನೀವು ಕೊಟ್ಟ ಅಂಕಿಗಳೇ ಒಂದಕ್ಕೊಂದು ಹೊಂದುತ್ತಿಲ್ಲ.

ವೇಗವನ್ನು ಮೈಲಿಯಲ್ಲಿ ತಗೊಳ್ಳಿ, ರೇಷಿಯೋದಿಂದ ಗುಣಿಸಿ, 336ರಿಂದ ಗುಣಿಸಿ, ಟೈರಿನ ಎತ್ತರ ಎಷ್ಟು ಇಂಚೋ ಅದರಿಂದ ಭಾಗಿಸಿ. ಟಾಪ್ ಗೇರಿನಲ್ಲಿ ಎಂಜಿನ್ ಎಷ್ಟು ಸುತ್ತುತ್ತದೆ ಅನ್ನುವುದು ಬಂತು. ನಿಮ್ಮ ಟೈರು ಪುಸ್ತಕದ ಪ್ರಕಾರ 28.9 ಇಂಚು. 65 ಮೈಲಿಗೆ, 3.73ಕ್ಕೆ, ಸುಮಾರು 2,820. ಗಾಡಿಯ ಭಾರಕ್ಕೆ ಟೈರು ಕೊಂಚ ಕುಗ್ಗಿರುತ್ತದೆ, ಅದಕ್ಕೆ ಶೇ. 3 ಸೇರಿಸಿದರೆ 2,900. ಟಿಎಚ್350ರ ಕನ್ವರ್ಟರ್‌ಗೆ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಎಣ್ಣೆಯ ಮೂಲಕ ಇರುವ ಕೊಂಡಿ) ಲಾಕಪ್, ಅಂದರೆ ಜಾರದಂತೆ ಹಿಡಿಯುವ ಬೀಗ, ಇಲ್ಲ; ಅದು ಜಾರುವುದಕ್ಕೆ ಇನ್ನೊಂದು ನೂರು ಕೊಡೋಣ. ಎಷ್ಟು ಉದಾರವಾಗಿ ಎಣಿಸಿದರೂ 3,000. ನೀವು ಹೇಳುವ ಇನ್ನೊಂದು 300 ಎಲ್ಲಿಂದ ಬಂತು? ಟ್ಯಾಕೋಮೀಟರ್ ಸುಳ್ಳು ಹೇಳುತ್ತಿರಬೇಕು, ಇಲ್ಲ ಸ್ಪೀಡೋಮೀಟರ್, ಇಲ್ಲ ಮಾರಿದವರು. ಅದೇ ಜಾಗದಲ್ಲಿ 4.11 ಇಟ್ಟು ನೋಡಿ, 3,300ಕ್ಕೇ ಬಂದು ನಿಲ್ಲುತ್ತದೆ.

ಎಣಿಸುವುದು ಕಷ್ಟದ ಕೆಲಸವಲ್ಲ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಹಿಂದೆ ಒಂದೇ ಚಕ್ರ ಎತ್ತಿ, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಿ (ಜಾಕ್ ನಂಬಿ ಕೆಳಗೆ ತೂರಬೇಡಿ), ಗೇರು ನ್ಯೂಟ್ರಲ್. ಪ್ರೊಪೆಲ್ಲರ್ ಶಾಫ್ಟ್‌ಗೂ ಟೈರಿಗೂ ಸೀಮೆಸುಣ್ಣದ ಗೆರೆ ಎಳೆದು, ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಶಾಫ್ಟ್ ಎಷ್ಟು ಸುತ್ತಿತೋ ಅದೇ ನಿಮ್ಮ ರೇಷಿಯೋ. ಎತ್ತಿದ ಚಕ್ರ ಅಲುಗಾಡಲ್ಲ ಅಂತ ಹಟ ಮಾಡಿದರೆ ಒಳಗಿರುವುದು ಲಿಮಿಟೆಡ್ ಸ್ಲಿಪ್, ಅಂದರೆ ಎರಡು ಚಕ್ರ ಬೇರೆ ಬೇರೆಯಾಗಿ ಸುತ್ತದಂತೆ ತಡೆಯುವಂಥದ್ದು. ಆಗ ಎರಡೂ ಚಕ್ರ ಎತ್ತಿ ಒಂದೇ ಸುತ್ತು.

ಟಾಪ್‌ಗೇರ್:
ಇಷ್ಟೆಲ್ಲ ಯಾಕೆ ಸಾರ್? 3.73 ಇದ್ದರೂ 4.11 ಇದ್ದರೂ 3.08 ಹಾಕಿದರೆ 65ಕ್ಕೆ 2,330ರ ಹತ್ತಿರ ಇಳಿಯುತ್ತದೆ. ಕೂಗಾಟ ಮುಗೀತು. 350 ಎಂಜಿನ್‌ಗೆ ಖಾಲಿ ಗಾಡಿ ಎಳೆಯೋದು ದೊಡ್ಡ ವಿಷಯವೇ? ನಾನು ಆರಾಮಾಗಿ ಓಡಿಸ್ತಿದ್ದೀನಿ.

ಹಳೇಗಾಡಿ:
ಗ್ರೀಸ್ ಕೈ ಅವರ ಅನುಮಾನ ನಿಜ. ಚಕ್ರ ಎರಡು ಸುತ್ತು, ಶಾಫ್ಟ್ ನಾಲ್ಕು ಸುತ್ತಿನ ಮೇಲೆ ಚೂರು. ಮೊಬೈಲಿನ ಜಿಪಿಎಸ್ ಜೊತೆ ತಾಳೆ ನೋಡಿದೆ, ಸ್ಪೀಡೋಮೀಟರ್ ಸರಿಯಾಗೇ ಇದೆ. ಅಂದರೆ 4.11. ಹಾಗಾದರೆ 3.08 ಖಚಿತ ಮಾಡಲೇ?

ಗ್ರೀಸ್ ಕೈ:
ತಡೀರಿ. ಟಾಪ್‌ಗೇರ್ ಅವರು ಹೇಳಿದ 2,330 ಸರಿ (ಟೈರು ಕುಗ್ಗುವುದು, ಕನ್ವರ್ಟರ್ ಜಾರುವುದು ಸೇರಿಸದೆ), ಆದರೆ ಅದು ಅರ್ಧ ಲೆಕ್ಕ. ಉಳಿದರ್ಧ ಇರುವುದು ಗಾಡಿ ನಿಂತಲ್ಲಿಂದ ಹೊರಡುವಾಗ. ಅದಕ್ಕೆ ಆಕ್ಸಲ್ ಒಂದನ್ನೇ ನೋಡಿದರೆ ಆಗದು, ಫಸ್ಟ್ ಗೇರನ್ನೂ ಆಕ್ಸಲನ್ನೂ ಗುಣಿಸಬೇಕು. ಟಿಎಚ್350ರ ಫಸ್ಟ್ 2.52. ಈಗ ನಿಮ್ಮ ಹತ್ತಿರ ಇರುವುದು 2.52 × 4.11, ಅಂದರೆ 10.36. 3.08 ಹಾಕಿದರೆ 7.76. ಹೊರಡುವ ಎಳೆತದಲ್ಲಿ ಕಾಲು ಭಾಗ ಹೋಯಿತು. ಬಂಗಾರ ಅಂದಿರಲ್ಲ, ಆ ಬಂಗಾರವೇ ಹೋಗೋದು. ಟಾಪ್‌ಗೇರ್ ಅವರು ಮೊದಲಿಂದಲೂ 3.08 ಓಡಿಸಿದವರು ಅನಿಸುತ್ತೆ, ಅವರಿಗೆ ಕಳಕೊಂಡದ್ದು ಗೊತ್ತಾಗಲ್ಲ. ನಿಮಗೆ ಮೊದಲ ಸಿಗ್ನಲ್‌ನಲ್ಲೇ ಗೊತ್ತಾಗುತ್ತೆ.

ಇನ್ನೊಂದು ತೊಡಕಿದೆ. ಈ ಟ್ರಕ್ಕಿನ 12 ಬೋಲ್ಟ್ ಆಕ್ಸಲ್‌ನಲ್ಲಿ ಕ್ಯಾರಿಯರ್ (ಕ್ರೌನ್ ಅನ್ನೋ ದೊಡ್ಡ ಹಲ್ಲುಚಕ್ರ ಕೂರುವ ಭಾಗ) ಎರಡು ತರ. 3.42 ಮತ್ತು ಅದಕ್ಕಿಂತ ಕೆಳಗಿನ ರೇಷಿಯೋಗೆ ಒಂದು, 3.73 ಮತ್ತು ಮೇಲಿನದ್ದಕ್ಕೆ ಇನ್ನೊಂದು. ರೇಷಿಯೋ ಹೆಚ್ಚಾದಷ್ಟೂ ಕ್ರೌನನ್ನು ತಿರುಗಿಸುವ ಪಿನಿಯನ್ ಸಣ್ಣದಾಗುತ್ತದೆ, ಕ್ರೌನ್ ಅದರ ಕಡೆ ಸರಿಯಬೇಕು, ಅದಕ್ಕೇ ಈ ಭೇದ. ನಿಮ್ಮ 4.11ರ ಕ್ಯಾರಿಯರ್ ಮೇಲೆ 3.08 ಕೂರುವುದೇ ಇಲ್ಲ. ಕ್ರೌನ್, ಪಿನಿಯನ್ ಜೊತೆ ಕ್ಯಾರಿಯರನ್ನೂ ಕೊಳ್ಳಬೇಕು. ಕಾರಿನ 12 ಬೋಲ್ಟ್ ಸೆಟ್ ಅಗ್ಗಕ್ಕೆ ಸಿಕ್ಕಿತು ಅಂತ ತರಬೇಡಿ, ಅದು ಟ್ರಕ್ಕಿನದಕ್ಕೆ ಹೊಂದಲ್ಲ.

ನನ್ನ ಮಾತು ಇಷ್ಟೇ: ಆಕ್ಸಲ್ ಮುಟ್ಟಬೇಡಿ, ಆ ದುಡ್ಡನ್ನು ಗೇರ್‌ಬಾಕ್ಸಿಗೆ ಹಾಕಿ. 700ಆರ್4 ಅನ್ನೋ ಆಟೋಮ್ಯಾಟಿಕ್‌ಗೆ ಓವರ್‌ಡ್ರೈವ್ (ಎಂಜಿನ್ ಸುತ್ತು ಇಳಿಸುವ ಕೊನೆಯ ಗೇರು) 0.70 ಇದೆ, ಲಾಕಪ್ಪೂ ಇದೆ. ಈಗಿರುವ 4.11 ಇಟ್ಟುಕೊಂಡೇ 65ಕ್ಕೆ 2,170ರ ಆಸುಪಾಸು ಸಿಗುತ್ತದೆ. 3.08 ಕೊಡುವುದಕ್ಕಿಂತ ಕಡಿಮೆ, ನೋಡಿ! ಎಳೆತವೂ ಹೋಗಲ್ಲ, ಯಾಕಂದರೆ ಅದರ ಫಸ್ಟ್ 3.06. ನಿಜ ಹೇಳಬೇಕೆಂದರೆ ಎಳೆತ ಜಾಸ್ತಿಯೇ ಆಗುತ್ತದೆ, 12.58. ಖಾಲಿ ಗಾಡಿಯಲ್ಲಿ ಫಸ್ಟ್ ಗೇರು ರಸ್ತೆ ದಾಟುವಷ್ಟರಲ್ಲಿ ಮುಗಿದುಹೋಗುತ್ತದೆ. ಸ್ವಲ್ಪ ದಿನ ಓಡಿಸಿ, ಅದು ಕಿರಿಕಿರಿ ಅನಿಸಿದರೆ ಆಮೇಲೆ 3.73 ಸೆಟ್ ಹಾಕಿಸಿ. ಇರುವ ಕ್ಯಾರಿಯರ್ ಮೇಲೇ ಕೂರುತ್ತದೆ. ಆಗ ಹೊರಡುವಾಗ 11.41, 65ಕ್ಕೆ 1,970. ನನಗೆ ಕೇಳಿದರೆ ಈ ಗಾಡಿಗೆ ಅದೇ ಹದ.

700ಆರ್4 ಜೊತೆ 3.08 ಮಾತ್ರ ಬೇಡ. ಹೊರಡುವಾಗ 9.42 ಬರುತ್ತದೆ, ಅದೇನೂ ಕಡಿಮೆಯಲ್ಲ, ಟಿಎಚ್350ಗೆ 3.73 ಹಾಕಿದರೂ 9.40 ತಾನೇ. ಆದರೆ 45 ಮೈಲಿಯಲ್ಲಿ ಓವರ್‌ಡ್ರೈವ್ ಬಿದ್ದರೆ ಎಂಜಿನ್ 1,130ಕ್ಕೆ ಕುಸಿದು ಏದುಸಿರು ಬಿಡುತ್ತದೆ.

ಗೇರ್‌ಬಾಕ್ಸ್ 1987ರ ನಂತರದ್ದು ಹುಡುಕಿ, ಮೊದಮೊದಲಿನವು ಅಷ್ಟು ಗಟ್ಟಿಯಲ್ಲ. ಕಾರ್ಬ್ಯುರೇಟರ್‌ನಿಂದ ಗೇರ್‌ಬಾಕ್ಸಿಗೆ ಬರುವ ಟಿವಿ (ಥ್ರಾಟಲ್ ವಾಲ್ವ್) ಕೇಬಲ್‌ನ ಹೊಂದಾಣಿಕೆ ಸರಿ ಇಲ್ಲದಿದ್ದರೆ ಹೊಸ ಗೇರ್‌ಬಾಕ್ಸೂ ಕೆಲವೇ ದಿನದಲ್ಲಿ ಸುಟ್ಟುಹೋಗುತ್ತದೆ. ಅದನ್ನು ಗೊತ್ತಿದ್ದವರ ಕೈಲೇ ಮಾಡಿಸಿ.

ನೀಲಿ ಎಫ್100:
ಫೋರ್ಡ್ ಕೊಂಡಿದ್ದರೆ ಈ ಕ್ಯಾರಿಯರ್ ಪುರಾಣವೇ ಇರುತ್ತಿರಲಿಲ್ಲ! 9 ಇಂಚಿನ ಆಕ್ಸಲ್‌ನಲ್ಲಿ ಡಿಫರೆನ್ಷಿಯಲ್ ಇಡೀ ಗಡ್ಡೆ ಮುಂದಿನಿಂದ ಬಿಚ್ಚಿ ಬರುತ್ತದೆ. ಬೇರೆ ರೇಷಿಯೋದ್ದನ್ನು ಟೇಬಲ್ ಮೇಲೆ ಸೆಟ್ ಮಾಡಿಟ್ಟುಕೊಂಡು, ಬೇಕಾದಾಗ ಬದಲಾಯಿಸಬಹುದು. ಉರಿಸೋಕೆ ಹೇಳಿದ್ದಲ್ಲ. ಸರಿ, ಸ್ವಲ್ಪ ಉರಿಸೋಕೇ.

ಟಾಪ್‌ಗೇರ್:
ಗ್ರೀಸ್ ಕೈ ಸಾರ್, ನನ್ನದು ಮೊದಲಿಂದ 3.08 ಅನ್ನೋದು ನಿಜ. ಆದರೂ ಒಂದು ಮಾತು: ಕ್ರೌನ್ ಪಿನಿಯನ್ ಜೊತೆ ಹೆಣಗೋ ಬದಲು ಹಳೇ ಸಿ10ದ ಇಡೀ ಆಕ್ಸಲ್ ತಂದು ಕೂರಿಸಿದರೆ ಕ್ಯಾರಿಯರ್ ಚಿಂತೆ ಇಲ್ಲ. 700ಆರ್4 ಅಂದರೆ ಲಾಕಪ್ ವೈರಿಂಗ್, ಕೇಬಲ್, ಶಾಫ್ಟ್, ಎಲ್ಲ ಹಿಂದೆ ಬೀಳುತ್ತೆ.

ಗ್ರೀಸ್ ಕೈ:
ಖರ್ಚಿನ ಮಾತು ಒಪ್ಪಿದೆ. ಕೈ ಬಿಗಿ ಇದ್ದರೆ ಇಡೀ ಆಕ್ಸಲ್ ದಾರಿ ಸರಿ. ಆಗಲೂ ತರುವ ಮೊದಲು ಅದನ್ನೂ ಎಣಿಸಿ. ಕ್ರೌನ್ ಮೇಲೆ ಹಲ್ಲಿನ ಸಂಖ್ಯೆ ಕೊರೆದಿರುತ್ತದೆ: 41 ಮತ್ತು 11 ಇದ್ದರೆ 3.73, 37 ಮತ್ತು 9 ಇದ್ದರೆ 4.11.

ಹಳೇಗಾಡಿ:
700ಆರ್4 ಕಡೆಗೇ ಮನಸ್ಸು ವಾಲಿದೆ. ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಲೇಬೇಕಾ?

ಗ್ರೀಸ್ ಕೈ:
ನಿಮ್ಮ ಟಿಎಚ್350ರ ಬಾಲ (ಗೇರ್‌ಬಾಕ್ಸಿನ ಹಿಂತುದಿಯ ಕವಚ) ಅಳೆದು ನೋಡಿ. 6 ಇಂಚಿನದಾದರೆ ಹೊಸ ಗೇರ್‌ಬಾಕ್ಸ್ ಸುಮಾರು 3 ಇಂಚು ಉದ್ದ, ಶಾಫ್ಟ್ ಅಷ್ಟು ಮೊಟಕಾಗಬೇಕು. 9 ಇಂಚಿನದಾದರೆ ಹೆಚ್ಚುಕಡಿಮೆ ಇರುವುದೇ ಹೊಂದುತ್ತದೆ. ಗೇರ್‌ಬಾಕ್ಸ್ ಹೊರುವ ಅಡ್ಡಪಟ್ಟಿ, ಅಂದರೆ ಕ್ರಾಸ್‌ಮೆಂಬರ್, ಎರಡಿಂಚಿನಷ್ಟು ಹಿಂದಕ್ಕೆ ಹೋಗುತ್ತದೆ. ಶಾಫ್ಟ್ ಅಳತೆ ತೆಗೆಯುವಾಗ ಗಾಡಿ ತನ್ನ ಚಕ್ರಗಳ ಮೇಲೇ ನಿಂತಿರಲಿ. ಚಾಸಿಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲ್ ಜೋತುಬಿದ್ದಾಗ ಅಳೆದರೆ ಉದ್ದ ತಪ್ಪುತ್ತದೆ. ಬಾಲ ಎಷ್ಟಿದೆ ಅಂತ ಇಲ್ಲೇ ಹಾಕಿ.