ಸಹಾಯ ಬೇಕು: ಇಎಲ್‌ಪಿ (ಎಲಾಸ್ಟಿನ್ ಮಾದರಿಯ ಪ್ರೋಟೀನ್) ಐಸ್‌ನಲ್ಲಿಟ್ಟರೂ ಪೂರ್ತಿ ಕರಗುತ್ತಿಲ್ಲ

ನಮಸ್ಕಾರ ಎಲ್ಲರಿಗೂ. ಎಲಾಸ್ಟಿನ್ ಮಾದರಿಯ ಪ್ರೋಟೀನನ್ನು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ ಶುದ್ಧ ಮಾಡುತ್ತಿದ್ದೇನೆ. ಬಿಸಿ ಮಾಡಿದರೆ ಇದು ನೀರಿನಿಂದ ಬೇರೆಯಾಗುತ್ತದೆ, ತಣ್ಣಗಾದರೆ ಮತ್ತೆ ಕರಗಬೇಕು; ಶುದ್ಧ ಮಾಡುವುದು ಈ ಗುಣದಿಂದಲೇ. ವ್ಯಾಲೀನ್-ಪ್ರೋಲೀನ್-ಗ್ಲೈಸೀನ್-ಎಕ್ಸ್-ಗ್ಲೈಸೀನ್, ಈ ಐದು ಅಮೈನೋ ಆಮ್ಲಗಳ ತುಣುಕೇ ಇದರಲ್ಲಿ ಸಾಲಾಗಿ ಮತ್ತೆ ಮತ್ತೆ ಬರುತ್ತದೆ; ಎಕ್ಸ್ ಅಂದರೆ ಬದಲಾಯಿಸಬಹುದಾದ ಜಾಗ. ಎಕ್ಸ್ ಜಾಗದಲ್ಲಿ ವ್ಯಾಲೀನ್ ಜೊತೆ ಅಲನೀನ್, ಗ್ಲೈಸೀನ್ ಕೂಡ ಇಟ್ಟಿದ್ದೇನೆ. ಹಾಗಾಗಿ ಬರೀ ವ್ಯಾಲೀನ್ ಇರುವುದಕ್ಕಿಂತ ಜಾಸ್ತಿ ಬಿಸಿಯಲ್ಲೇ ಇದು ನೀರಿನಿಂದ ಬೇರೆಯಾಗುತ್ತದೆ. ಆ ತಾಪಮಾನವನ್ನು ಇಳಿಸೋಕೆ ಉಪ್ಪು ಹಾಕುತ್ತೇನೆ, 2 ಮೋಲಾರ್ ಸೋಡಿಯಂ ಕ್ಲೋರೈಡ್.

ಇಲ್ಲಿಯವರೆಗೆ ಚೆನ್ನಾಗಿದೆ. ಬಿಸಿ ಮಾಡಿದ ಕೂಡಲೇ ಟ್ಯೂಬ್ ಹಾಲಿನಂತೆ ಬೆಳ್ಳಗಾಗುತ್ತದೆ, ನೋಡೋಕೇ ಖುಷಿ. ಸೆಂಟ್ರಿಫ್ಯೂಜ್ ಮಾಡಿ, ತಣ್ಣನೆಯ ಪಿಬಿಎಸ್ (ಫಾಸ್ಫೇಟ್ ಇರುವ ಉಪ್ಪಿನ ಬಫರ್ ದ್ರಾವಣ) ಹಾಕಿ ಐಸ್‌ನಲ್ಲಿಟ್ಟರೆ ತೊಂದರೆ ಶುರು. ಮೇಲಿನ ಭಾಗ ತಿಳಿಯಾಗುತ್ತದೆ, ತಳದಲ್ಲಿ ಕಂದು ಬಣ್ಣದ ಅಂಟು ಪದರ ಹಾಗೇ ಉಳಿಯುತ್ತದೆ. ಪ್ರೋಟೀನಿನಲ್ಲಿ ಸಿಸ್ಟೀನ್ ಇಲ್ಲ, ಆದ್ದರಿಂದ ಡೈಸಲ್ಫೈಡ್ (ಎರಡು ಸಿಸ್ಟೀನ್‌ಗಳ ನಡುವಿನ ಗಂಧಕದ ಬಂಧ) ಕಾರಣ ಅಲ್ಲ.

ಬ್ಯಾಕ್ಟೀರಿಯಾದ ಪ್ರೋಟೀನು, ಡಿಎನ್‌ಎ ಒಳಗೆ ಸಿಕ್ಕಿಕೊಂಡಿರಬಹುದು ಅಂತ ನನ್ನ ಅನುಮಾನ. ಮೊದಲ ಸಲ ಬಿಸಿ ಮಾಡುವ ಮುಂಚೆಯೇ ಪಾಲಿಎಥಿಲೀನಿಮೈನ್ ಹಾಕಿ ಡಿಎನ್‌ಎ ತೆಗೆಯಬೇಕಾ? ಆ ಪದರವನ್ನು 4 ಡಿಗ್ರಿಯಲ್ಲಿ ಸೆಂಟ್ರಿಫ್ಯೂಜ್ ಮಾಡಿ ಎಸೆದುಬಿಟ್ಟರೆ ನನ್ನ ಪ್ರೋಟೀನೂ ಅದರ ಜೊತೆ ಹೋಗುತ್ತಾ? ಉಪ್ಪು ಕಡಿಮೆ ಮಾಡಿ ನೋಡಿದವರು ಇದ್ದೀರಾ? ಈ ಕೆಲಸ ಕೈಯಾರೆ ಮಾಡಿದವರು ದಯವಿಟ್ಟು ತಿಳಿಸಿ, ತುಂಬಾ ಉಪಕಾರವಾಗುತ್ತದೆ.