ಸಹಾಯ ಬೇಕು: ಹೆಲೀನ್ ಪ್ರವಾಹದಲ್ಲಿ ಹೋದ ಬಿಯರ್, ವೈನ್, ಸಿಗರೇಟಿನ ಫೆಡರಲ್ ಟ್ಯಾಕ್ಸ್ ವಾಪಸ್

ಎಲ್ಲರಿಗೂ ನಮಸ್ಕಾರ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ಆಶ್‌ವಿಲ್ ಹತ್ತಿರ ನಮ್ಮ ಭಾವನ ಗ್ಯಾಸ್ ಸ್ಟೇಷನ್ ಅಂಗಡಿ ಇದೆ. ಸೆಪ್ಟೆಂಬರ್ 2024ರ ಹೆಲೀನ್ ಚಂಡಮಾರುತಕ್ಕೆ ಸ್ವಾನನೋವಾ ಹೊಳೆ ಒಳಗೇ ನುಗ್ಗಿತು. ಕೂಲರ್ ತುಂಬಾ ಕೆಸರು, ಸಿಗರೇಟ್ ಕಾರ್ಟನ್‌ಗಳು ನೆನೆದು ಮುದ್ದೆಯಾಗಿದ್ದವು. ಆರೋಗ್ಯ ಇಲಾಖೆಯವರು ಯಾವುದನ್ನೂ ಮಾರುವ ಹಾಗಿಲ್ಲ ಅಂದರು.

ಇಂಥ ಸರಕಿನ ಮೇಲೆ ಕಟ್ಟಿದ ಫೆಡರಲ್ ಎಕ್ಸೈಸ್ ಟ್ಯಾಕ್ಸನ್ನು (ಅಬಕಾರಿ ತೆರಿಗೆ) ಟಿಟಿಬಿಯಿಂದ (ಮದ್ಯ, ತಂಬಾಕಿನ ಟ್ಯಾಕ್ಸ್ ನೋಡಿಕೊಳ್ಳುವ ಫೆಡರಲ್ ಇಲಾಖೆ) ಫಾರ್ಮ್ 5620.8 ಹಾಕಿ ವಾಪಸ್ ಕೇಳಬಹುದು, ಚಿಲ್ಲರೆ ಅಂಗಡಿಯವರೂ ಕೇಳಬಹುದು. ಅಧ್ಯಕ್ಷರು ದೊಡ್ಡ ವಿಪತ್ತು ಅಂತ ಘೋಷಿಸಿದ ದಿನದಿಂದ 6 ತಿಂಗಳೊಳಗೆ ಹಾಕಬೇಕು. ನಾರ್ತ್ ಕೆರೊಲಿನಾಕ್ಕೆ ಘೋಷಣೆ ಆಗಿದ್ದು ಸೆಪ್ಟೆಂಬರ್ 28ಕ್ಕೆ, ಅಂದರೆ ಮಾರ್ಚ್ 28, 2025ರವರೆಗೆ ಮಾತ್ರ ಸಮಯ ಇತ್ತು. ಸಿಗರೇಟ್ ಪ್ಯಾಕಿಗೆ ಸುಮಾರು 1 ಡಾಲರ್ ಬರುತ್ತೆ, ಬಿಯರ್ ಕ್ಯಾನಿಗೆ 5 ಸೆಂಟ್ ಅಷ್ಟೇ. ಹಾಗಾಗಿ ಸಿಗರೇಟಿನ ಲೆಕ್ಕವೇ ಮುಖ್ಯ ಅಲ್ವಾ? ರಾಜ್ಯದ ಟ್ಯಾಕ್ಸ್ ಬೇರೆ ಕಥೆ, ಅದು ಇದರಲ್ಲಿ ಬರೋದಿಲ್ಲ.

ಈಗ ತಲೆನೋವು ಏನಂದ್ರೆ ಬಿಲ್‌ಗಳೂ ನೀರುಪಾಲಾಗಿವೆ. ಡಿಸ್ಟ್ರಿಬ್ಯೂಟರ್ ಹತ್ತಿರ ಹಳೇ ಇನ್‌ವಾಯ್ಸ್ ಕೇಳಿದ್ದೇವೆ, ಆದರೆ ಅದು ಕೊಂಡಿದ್ದನ್ನು ತೋರಿಸುತ್ತೆ, ಆ ದಿನ ಶೆಲ್ಫಿನಲ್ಲಿ ಎಷ್ಟಿತ್ತು ಅನ್ನೋದನ್ನಲ್ಲ. ಕೊಂಡಿದ್ದರಲ್ಲಿ ಬಿಲ್ಲಿಂಗ್ ಮೆಷಿನ್ನಿನ ರಿಪೋರ್ಟಿನಲ್ಲಿರುವ ಮಾರಾಟವನ್ನು ಕಳೆದು ಉಳಿದ ಲೆಕ್ಕ ತೋರಿಸಿದರೆ ಟಿಟಿಬಿಯವರು ಒಪ್ಪುತ್ತಾರಾ? ಎಸೆದ ಸರಕಿಗೆ ಫೋಟೋ ಸಾಕಾ? ವಿಮೆಯವರು ಸ್ವಲ್ಪ ಕೊಟ್ಟಿದ್ದಾರೆ, ಅದರಲ್ಲಿ ಟ್ಯಾಕ್ಸ್ ಸೇರಿಲ್ಲ ಅಂತ ಅವರಿಂದ ಬರೆಸಿಕೊಳ್ಳಬೇಕಾ? ಫ್ಲಾರಿಡಾ, ಲೂಸಿಯಾನಾ ಕಡೆ ಯಾರಾದರೂ ಈ ಕ್ಲೇಮ್ ಮಾಡಿ ದುಡ್ಡು ಪಡೆದಿದ್ದರೆ ದಯವಿಟ್ಟು ಹೇಳಿ. ಸುಮ್ನೆ ಅಂದಾಜು ಬೇಡ, ನೀವು ಏನೇನು ಕಾಗದ ಇಟ್ಟಿರಿ ಅಂತ ತಿಳಿಸಿದರೆ ಸಾಕು.